ವಿಮರ್ಶೆಗೆ ಬಂದ ವಕೀಲರ ನೋಟೀಸು

ವಕೀಲರ ನೋಟೀಸು ಬಂದ ಮನೆಯಲ್ಲಿ ಆ ಹೊತ್ತಿನ ಊಟ ಯಾರಿಗೂ ರುಚಿಸುವುದಿಲ್ಲ. ಅದರಲ್ಲಿ ಬರೆದಿರುವುದು ನಿಜವೋ ಸುಳ್ಳೋ ಎಂಬ ವಿಚಾರ ಆಮೇಲಿನದು. ಅಂಚೆಯವನು ಸಹಿ ಮಾಡಿಸಿಕೊಂಡು ಕೊಟ್ಟುಹೋದ ಉದ್ದನೆಯ ಲಕೋಟೆಯನ್ನು ಕಂಡೊಡನೆಯೇ ಮನೆಯವರ ಮುಖ ಬಾಡುತ್ತದೆ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಕೇಳುತ್ತ ಬೆಳೆದ ನಾಡು ನಮ್ಮದು. ಹೊಲದ ಬದುವಿಗಾಗಿ ಮೂರು ತಲೆಮಾರು ತಾರೀಖಿಗೆ ಅಲೆದವರನ್ನು ಕಂಡವರು ನಾವು. ಅಂತಹ ಲಕೋಟೆಯೊಂದು ಕೆಲವು ವರ್ಷಗಳ ಹಿಂದೆ ನನ್ನ ಮನೆಗೂ ಬಂದಿತು. ನಾನು ಯಾರ ಹೊಲವನ್ನೂ ಒತ್ತಿರಲಿಲ್ಲ, ಯಾರ ಸಾಲವನ್ನೂ ಮುಳುಗಿಸಿರಲಿಲ್ಲ. ಒಂದು ಪುಸ್ತಕದ ವಿಮರ್ಶೆಯನ್ನು ಬರೆದಿದ್ದೆ.

ಆ ಪುಸ್ತಕವನ್ನು ಪ್ರಕಟಿಸಿದ ಸಂಸ್ಥೆಯ ಹೆಸರು ಇಲ್ಲಿ ಬೇಡ. ನಮ್ಮ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಚರಿತ್ರೆ ಮತ್ತು ಸಾಹಿತ್ಯವನ್ನು ವಿದ್ಯಾರ್ಥಿಗಳಿಗಾಗಿ ಪರಿಚಯಿಸುವ ಗ್ರಂಥವದು. ಶಾಲೆಗಳಲ್ಲಿ ಬಹುಮಾನವಾಗಿ ಹಂಚುವುದಕ್ಕೆ, ಕಾಲೇಜುಗಳ ಗ್ರಂಥಾಲಯದಲ್ಲಿ ಇಡುವುದಕ್ಕೆ ಎಂದೇ ಅದನ್ನು ಸಿದ್ಧಪಡಿಸಿದ್ದರು. ಉದ್ದೇಶ ಒಳ್ಳೆಯದು. ಆದರೆ ಓದುತ್ತ ಹೋದಂತೆ ನನ್ನ ಪೆನ್ಸಿಲಿಗೆ ಬಿಡುವು ಸಿಗಲಿಲ್ಲ. ಫ. ಗು. ಹಳಕಟ್ಟಿಯವರು 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಕೀಲರಾಗಿ ವಿಜಯಪುರಕ್ಕೆ ಬಂದು ನೆಲೆಸಿದವರು. ಗ್ರಂಥದಲ್ಲಿ ಅವರ ಜನ್ಮಸ್ಥಳ ವಿಜಯಪುರವೇ ಆಗಿದ್ದಿತು. ಹಲಸಂಗಿ ಗೆಳೆಯರ 'ಗರತಿಯ ಹಾಡು' 1931ರಲ್ಲಿ ಬೆಳಕು ಕಂಡದ್ದು. ಗ್ರಂಥದಲ್ಲಿ ಅದು ಸ್ವಾತಂತ್ರ್ಯಾನಂತರದ ಪ್ರಕಟಣೆಯಾಗಿದ್ದಿತು. ಇವು ಸಣ್ಣ ತಪ್ಪುಗಳೆಂದು ಬಿಡಬಹುದು. ಆದರೆ ಊರುಕೇರಿಗಳ ವರ್ಣನೆಯ ಅನೇಕ ಪುಟಗಳು 1884ರ ಮುಂಬಯಿ ಗ್ಯಾಸೆಟಿಯರಿನ ವಿಜಾಪುರ ಸಂಪುಟದಿಂದ ಸಾಲುಸಾಲಾಗಿ ಅನುವಾದಗೊಂಡಿದ್ದವು. ಆ ಸಂಪುಟದ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ನೂರು ವರ್ಷಕ್ಕೂ ಹಿಂದಿನ ಇಂಗ್ಲಿಷ್ ಅಧಿಕಾರಿಗಳ ಕಣ್ಣಿಗೆ ಕಂಡ ಊರನ್ನು ನಮ್ಮ ಮಕ್ಕಳು ತಮ್ಮ ಊರೆಂದು ಓದಬೇಕಾಗಿದ್ದಿತು.

ಇದನ್ನೆಲ್ಲ ಪುಟಸಂಖ್ಯೆಯೊಡನೆ ಬರೆದು ಜಿಲ್ಲೆಯ ಒಂದು ವಾರಪತ್ರಿಕೆಗೆ ಕಳುಹಿಸಿದೆ. ಅದು ಅಚ್ಚಾಯಿತು. ಮೂರು ವಾರದ ತರುವಾಯ ನೋಟೀಸು ಬಂದಿತು. ನನ್ನ ಲೇಖನದಿಂದ ಸಂಸ್ಥೆಗೂ ಗ್ರಂಥಕರ್ತರಿಗೂ ತೀವ್ರವಾದ ಮಾನಹಾನಿಯಾಗಿದೆ. ಹದಿನೈದು ದಿನಗಳೊಳಗೆ ಲೇಖನವನ್ನು ಹಿಂತೆಗೆದುಕೊಂಡು ಬೇಷರತ್ತಾಗಿ ಕ್ಷಮೆ ಯಾಚಿಸಬೇಕು. ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡಬೇಕು. ತಪ್ಪಿದರೆ, ಪತ್ರಿಕೆಗೆ ನಾಲ್ಕೂ ತಾಲೂಕುಗಳಲ್ಲಿ ಓದುಗರಿರುವುದರಿಂದ, ನಾಲ್ಕೂ ಊರಿನ ನ್ಯಾಯಾಲಯಗಳಲ್ಲಿ ಪ್ರತ್ಯೇಕವಾಗಿ ಫಿರ್ಯಾದು ಹೂಡಲಾಗುವುದು. ನಮ್ಮ ಕಡೆಯ ಹಿರಿಯರು ಇದನ್ನು 'ಅಬ್ರೂ ನುಕಸಾನಿ ಖಟ್ಲೆ' ಎನ್ನುತ್ತಿದ್ದರು. ನನ್ನ ಮನಸ್ಸು ಮೊದಲು ಲೆಕ್ಕ ಹಾಕಿದ್ದು ಹತ್ತು ಲಕ್ಷವನ್ನಲ್ಲ. ಜಿಲ್ಲೆಯ ಉತ್ತರದ ಇಂಡಿಗೂ ದಕ್ಷಿಣದ ಮುದ್ದೇಬಿಹಾಳಕ್ಕೂ ತಿಂಗಳು ತಿಂಗಳು ಬಸ್ಸಿನಲ್ಲಿ ಓಡಾಡುವ ದಿನಗಳನ್ನು, ಕಾಲೇಜಿಗೆ ಹಾಕಬೇಕಾದ ರಜೆಯ ಅರ್ಜಿಗಳನ್ನು, ಆಡಳಿತ ಮಂಡಳಿಯವರು ಕೇಳಬಹುದಾದ ಪ್ರಶ್ನೆಗಳನ್ನು. ನೋಟೀಸನ್ನು ಬರೆದವರಿಗೂ ಈ ಲೆಕ್ಕ ತಿಳಿದಿದ್ದಿತು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಸಂಪಾದಕರು ಅದೇ ಸಂಜೆ ಮನೆಗೆ ಬಂದರು. ಪ್ರಾಮಾಣಿಕರು, ಸಣ್ಣ ಪತ್ರಿಕೆಯನ್ನು ಕೈಯಿಂದ ಹಣ ಹಾಕಿ ನಡೆಸುತ್ತಿದ್ದವರು. "ಸರ, ನಾಲ್ಕು ಸಾಲು ಕ್ಷಮಾ ಹಾಕಿಬಿಡೂಣ್ರಿ. ಪತ್ರಿಕಾ ಉಳೀಲಿ" ಎಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ವಕೀಲಿ ಮಾಡುವವನು, ನೋಟೀಸನ್ನು ಎರಡು ಸಲ ಓದಿ ಹೇಳಿದ: "ಅಂಜಬ್ಯಾಡ್ರಿ ಸರ. ಇದು ವಕೀಲರ ಕಾಗದ, ಕೋರ್ಟಿನ ಕಾಗದ ಅಲ್ಲ. ಮೊದಲ ನೀವು ಬರದದ್ದನ್ನ ನೀವ ಒಮ್ಮೆ ವೈರಿ ಓದಿಧಂಗ ಓದ್ರಿ."

ಈ ಎರಡನೆಯ ಮಾತಿನಷ್ಟು ಉಪಯುಕ್ತವಾದ ಸಲಹೆಯನ್ನು ವಿಮರ್ಶೆಯನ್ನು ಕುರಿತ ಯಾವ ಗ್ರಂಥದಿಂದಲೂ ನಾನು ಪಡೆದಿಲ್ಲ. ಆ ರಾತ್ರಿ ನನ್ನ ಲೇಖನವನ್ನು ವೈರಿಯಂತೆ ಓದಿದೆ. ತೇದಿಗಳು ಸರಿಯಾಗಿದ್ದವು. ಗ್ಯಾಸೆಟಿಯರಿನ ಪುಟಗಳು ಸರಿಯಾಗಿದ್ದವು. ಗ್ರಂಥದ ಭಾಷೆ ಶಿಥಿಲವಾಗಿದೆ ಎಂದದ್ದು ನನ್ನ ಅಭಿಪ್ರಾಯ. ಅದಕ್ಕೆ ಉದಾಹರಣೆ ಕೊಟ್ಟಿದ್ದೆ. ಆದರೆ ಕೊನೆಯ ಪ್ಯಾರಾದಲ್ಲಿ ಒಂದು ವಾಕ್ಯವಿದ್ದಿತು. ಗ್ರಂಥಕರ್ತರು ಅನುದಾನದ ಹಣಕ್ಕಾಗಿಯೇ ಈ ಕೆಲಸಕ್ಕೆ ಕೈಹಾಕಿದ್ದಾರೆ ಎಂಬ ಅರ್ಥದ ವಾಕ್ಯ. ಬರೆಯುವಾಗ ಅದು ನನಗೆ ಬಹಳ ಸೊಗಸಾಗಿ ಕಂಡಿದ್ದಿತು. ಈಗ ಕೇಳಿಕೊಂಡೆ: ಇದಕ್ಕೆ ಆಧಾರವೇನು? ಏನೂ ಇರಲಿಲ್ಲ. ನಾನು ಆ ಮನುಷ್ಯರ ಮನಸ್ಸಿನೊಳಗೆ ಹೊಕ್ಕು ನೋಡಿರಲಿಲ್ಲ.

ಓದುಗರಲ್ಲಿ ಅನೇಕರು ವಿದ್ಯಾರ್ಥಿಗಳು, ಅಧ್ಯಾಪಕರು. ಅವರಿಗಾಗಿ ಕಾನೂನಿನ ಒಂದು ವಿಚಾರವನ್ನು ಇಲ್ಲಿ ಹೇಳಬೇಕು. 1860ರ ಭಾರತೀಯ ದಂಡ ಸಂಹಿತೆಯ 499ನೆಯ ಕಲಮು ಮಾನಹಾನಿಯನ್ನು ಅಪರಾಧವೆಂದು ಹೇಳಿ, ಅದಕ್ಕೆ ಹತ್ತು ವಿನಾಯಿತಿಗಳನ್ನು ಕೊಟ್ಟಿದ್ದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಲ್ಲಿಯೂ ಆ ಹತ್ತು ವಿನಾಯಿತಿಗಳು ಉಳಿದಿವೆ. ಮೊದಲನೆಯದು, ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯ. ಆರನೆಯದು ಸಾಹಿತ್ಯದವರೆಲ್ಲ ತಿಳಿದಿರಬೇಕಾದದ್ದು. ಪುಸ್ತಕವನ್ನು ಪ್ರಕಟಿಸಿದವನು, ಭಾಷಣ ಮಾಡಿದವನು, ರಂಗದ ಮೇಲೆ ನಟಿಸಿದವನು ಅಥವಾ ಹಾಡಿದವನು ತನ್ನ ಕೃತಿಯನ್ನು ಸಾರ್ವಜನಿಕರ ತೀರ್ಪಿಗೆ ತಾನೇ ಒಪ್ಪಿಸಿದ್ದಾನೆ. ಆ ಕೃತಿಯ ಗುಣದೋಷಗಳನ್ನು ಕುರಿತು, ಕೃತಿಯಲ್ಲಿ ಕಾಣುವಷ್ಟರ ಮಟ್ಟಿಗೆ ಅವನ ಸ್ವಭಾವವನ್ನು ಕುರಿತು, ಸದ್ಭಾವದಿಂದ ಆಡಿದ ಮಾತು ಮಾನಹಾನಿಯಲ್ಲ.

ಇನ್ನೂ ಸ್ವಾರಸ್ಯವಾದದ್ದು ಅದರ ಕೆಳಗಿನ ಉದಾಹರಣೆಗಳು. ಈ ಪುಸ್ತಕ ಮೂರ್ಖತನದ್ದು, ಆದುದರಿಂದ ಇದನ್ನು ಬರೆದವನು ದುರ್ಬಲಬುದ್ಧಿಯವನಿರಬೇಕು ಎಂದು ಸದ್ಭಾವದಿಂದ ಹೇಳಿದರೆ ವಿಮರ್ಶಕನಿಗೆ ರಕ್ಷಣೆಯುಂಟು. ಇವನು ದುರ್ಬಲಬುದ್ಧಿಯವನು, ಲಂಪಟ. ಆದುದರಿಂದ ಪುಸ್ತಕ ಹೀಗಿರುವುದು ಆಶ್ಚರ್ಯವಲ್ಲ ಎಂದರೆ ರಕ್ಷಣೆಯಿಲ್ಲ. ಎರಡಕ್ಕೂ ಇರುವ ಅಂತರ ದಿಕ್ಕಿನದು. ಪುಸ್ತಕದಿಂದ ಮನುಷ್ಯನ ಕಡೆಗೆ ಹೋಗುವುದು ವಿಮರ್ಶೆ. ಮನುಷ್ಯನ ಮೇಲಿನ ಮುನಿಸಿನಿಂದ ಪುಸ್ತಕದ ಕಡೆಗೆ ಬರುವುದು ನಿಂದೆ. ನನ್ನ ಕೊನೆಯ ವಾಕ್ಯ ಎರಡನೆಯ ದಾರಿಯದಾಗಿದ್ದಿತು.

ಇಷ್ಟು ಸ್ಪಷ್ಟವಾದ ಮೇಲೆ ನನ್ನ ಕರ್ತವ್ಯವೂ ಸ್ಪಷ್ಟವಾಯಿತು. ಸಂಪಾದಕರನ್ನು ಒಪ್ಪಿಸಿ, ಮುಂದಿನ ಸಂಚಿಕೆಯಲ್ಲಿ ಆ ಒಂದು ವಾಕ್ಯವನ್ನು ಹೆಸರಿಸಿ, ಅದಕ್ಕೆ ಆಧಾರವಿಲ್ಲವೆಂದೂ, ಅದನ್ನು ಹಿಂತೆಗೆದುಕೊಂಡು ವಿಷಾದಿಸುತ್ತೇನೆಂದೂ ಬರೆದೆ. ಉಳಿದದ್ದರಲ್ಲಿ ಒಂದಕ್ಷರವನ್ನೂ ತೆಗೆಯಲಿಲ್ಲ. ನೋಟೀಸಿಗೆ ವಕೀಲನ ಮೂಲಕ ಒಂದೇ ಪುಟದ ಉತ್ತರವನ್ನು ಕಳುಹಿಸಿ, ಯಾವ ಸಂಗತಿ ತಪ್ಪೆಂದು ತಾವು ಭಾವಿಸುವಿರೋ ಪುಟ ಸಹಿತ ತಿಳಿಸಿರಿ, ತಪ್ಪಾಗಿದ್ದರೆ ಅದನ್ನೂ ತಿದ್ದುತ್ತೇನೆ ಎಂದು ಕೇಳಿದೆ. ಆ ಪ್ರಶ್ನೆಗೆ ಉತ್ತರ ಬರಲಿಲ್ಲ. ಇಂಡಿಯ ಕೋರ್ಟಿನಿಂದಲೂ ಸಿಂದಗಿಯ ಕೋರ್ಟಿನಿಂದಲೂ ಯಾವ ಸಮನ್ಸೂ ಬರಲಿಲ್ಲ. ಮಾನನಷ್ಟದ ದಿವಾಣಿ ದಾವೆಗೆ ಪ್ರಕಟಣೆಯ ದಿನದಿಂದ ಒಂದು ವರ್ಷದ ಅವಧಿ. ಕ್ರಿಮಿನಲ್ ಫಿರ್ಯಾದಿಗೆ ಮೂರು ವರ್ಷ. ಎರಡೂ ಕಳೆದುಹೋದವು.

ಹಾಗಾದರೆ ನಾನು ಗೆದ್ದೆನೇ? ಹಾಗೆಂದು ಬಹಳ ದಿನ ಭಾವಿಸಿದ್ದೆ. ಆದರೆ ಆ ವಾರಪತ್ರಿಕೆಯಲ್ಲಿ ಅಂದಿನಿಂದ ಸ್ಥಳೀಯ ಗ್ರಂಥಗಳ ವಿಮರ್ಶೆ ನಿಂತೇಹೋಯಿತು. ಬಿಡುಗಡೆಯ ಸಮಾರಂಭದ ವರದಿ ಬರುತ್ತಿದ್ದಿತು, ಮುಖಪುಟದ ಚಿತ್ರ ಬರುತ್ತಿದ್ದಿತು, ಎಲ್ಲ ಕೃತಿಗಳೂ ಮೌಲಿಕವಾಗಿದ್ದವು. ಯಾರೂ ನಿಷೇಧ ಹಾಕಲಿಲ್ಲ. ಯಾವ ನ್ಯಾಯಾಧೀಶರೂ ಆಜ್ಞೆ ಮಾಡಲಿಲ್ಲ. ಒಂದು ಲಕೋಟೆ ಅಷ್ಟು ಕೆಲಸವನ್ನು ಮಾಡಿತು. ನೋಟೀಸು ಕಳುಹಿಸಿದವರು ಕೋರ್ಟಿಗೆ ಹೋಗದೆಯೇ ತಮಗೆ ಬೇಕಾದದ್ದನ್ನು ಪಡೆದರು.

ನನ್ನ ಮುಖ್ಯವಾದ ಮಾತು ಇದೇ. ನ್ಯಾಯಾಲಯಕ್ಕೆ ನಾನು ಅಂಜುವುದಿಲ್ಲ. ನ್ಯಾಯಾಲಯಕ್ಕೆ ಹೋಗದ ಬೆದರಿಕೆಗೆ ಅಂಜುತ್ತೇನೆ. ನ್ಯಾಯಾಲಯದಲ್ಲಿ ಎರಡು ಪಕ್ಷಗಳುಂಟು, ಸಾಕ್ಷ್ಯವುಂಟು, ಕಾರಣಗಳನ್ನು ಬರೆದ ತೀರ್ಪುಂಟು, ಮೇಲ್ಮನವಿಯುಂಟು. ಬೆದರಿಕೆಯಲ್ಲಿ ಇವು ಯಾವುವೂ ಇಲ್ಲ. ಹತ್ತು ಲಕ್ಷ ಕೇಳುವ ನೋಟೀಸಿಗೆ ತಗಲುವುದು ಕಾಗದ ಮತ್ತು ಅಂಚೆಯ ಖರ್ಚು, ವಕೀಲರ ಸಣ್ಣ ಫೀಸು. ಹತ್ತು ಲಕ್ಷದ ದಾವೆಯನ್ನು ನಿಜವಾಗಿಯೂ ಹೂಡುವವನು ಆ ಮೊತ್ತಕ್ಕೆ ತಕ್ಕ ಕೋರ್ಟು ಶುಲ್ಕವನ್ನು ಮುಂಚಿತವಾಗಿಯೇ ಕಟ್ಟಬೇಕು, ತನ್ನ ಗ್ರಂಥವನ್ನು ಸಾಕ್ಷಿಕಟ್ಟೆಗೆ ತರಬೇಕು.

ನಮ್ಮ ನಾಲ್ಕು ತಾಲೂಕುಗಳ ನೆಲದಿಂದಲೇ ಎರಡು ದೃಷ್ಟಾಂತಗಳನ್ನು ಕೊಡಬಹುದು. ಬಾಗೇವಾಡಿ ಬಸವಣ್ಣನವರ ಜನ್ಮಸ್ಥಳ; ಅವರ ಮತ್ತು ಅಕ್ಕನಾಗಮ್ಮನ ಕಾಲದ ಕಥೆಯನ್ನುಳ್ಳ ಪಿ. ವಿ. ನಾರಾಯಣರ 'ಧರ್ಮಕಾರಣ' ಕಾದಂಬರಿಯನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ಬರಗೂರು ರಾಮಚಂದ್ರಪ್ಪನವರು ಮೊದಲಾದವರು ಅದನ್ನು ಪ್ರಶ್ನಿಸಿದರು. 2007ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಆಜ್ಞೆಯನ್ನು ಎತ್ತಿಹಿಡಿಯಿತು. ಆ ತೀರ್ಪು ನನಗೆ ಒಪ್ಪಿಗೆಯಾಗಿಲ್ಲ. ಆದರೆ ಅದಕ್ಕೆ ಬರೆದ ಕಾರಣಗಳಿವೆ. ಅವನ್ನು ಓದಿ, ನನ್ನ ಅಸಮ್ಮತಿಯನ್ನು ಹೀಗೆ ಬಹಿರಂಗವಾಗಿ ಹೇಳಲು ಸಾಧ್ಯವಾಗಿದೆ.

ಇನ್ನೊಂದು ದೃಷ್ಟಾಂತ ಸಿಂದಗಿ ಸೀಮೆಯ ಯರಗಲ್ಲಿನಲ್ಲಿ 1938ರಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರದು. ಚೆನ್ನಬಸವಣ್ಣನ ಜನನವನ್ನೂ ನೀಲಮ್ಮನ ವಚನಗಳನ್ನೂ ಕುರಿತು 'ಮಾರ್ಗ'ದಲ್ಲಿ ಅವರು ಬರೆದ ಮಾತುಗಳಿಗಾಗಿ ಕೋಲಾಹಲವೆದ್ದಿತು. ನೀಲಮ್ಮನ ನೆನಪನ್ನು ಹೊತ್ತ ತಂಗಡಗಿ ಇರುವುದು ಮುದ್ದೇಬಿಹಾಳದ ಕಡೆ, ಕೃಷ್ಣೆಯ ದಂಡೆಯ ಮೇಲೆ. 1989ರಲ್ಲಿ ಅವರು ತಮ್ಮ ಅಭಿಪ್ರಾಯಗಳನ್ನು ಹಿಂತೆಗೆದುಕೊಂಡರು. ಕುಟುಂಬದ ಪ್ರಾಣ ಉಳಿಸಲು ಹಾಗೆ ಮಾಡಿದೆನೆಂದೂ, ಅಂದು ವಿದ್ವಾಂಸನಾಗಿ ತಾನು ಸತ್ತೆನೆಂಬ ಅರ್ಥದಲ್ಲಿಯೂ ಅವರು ಮುಂದೆ ನೊಂದು ನುಡಿದದ್ದು ಎಲ್ಲರಿಗೂ ತಿಳಿದಿದೆ. ಅವರ ತರ್ಕ ಸರಿಯಿದ್ದಿತೋ ಇಲ್ಲವೋ ಎಂಬುದು ವಿದ್ವಾಂಸರು ನಿರ್ಣಯಿಸಬೇಕಾದ ವಿಷಯ. ಆದರೆ ಒತ್ತಾಯದಿಂದ ಹಿಂತೆಗೆದ ಮಾತು ಸುಳ್ಳೆಂದು ಸಿದ್ಧವಾಗುವುದಿಲ್ಲ, ನಿಜವೆಂದೂ ಸಿದ್ಧವಾಗುವುದಿಲ್ಲ. ಆ ಚರ್ಚೆ ನಡೆಯಲೇ ಇಲ್ಲ. ನಾಡಿಗೆ ಆದ ನಷ್ಟ ಅದು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲಿ ಏನು ನಡೆಯಿತೆಂಬುದನ್ನು ನಾನು ಹೇಳಬೇಕಾಗಿಲ್ಲ. ವಕೀಲರ ನೋಟೀಸನ್ನೂ ಗುಂಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೂ ಬರಹಕ್ಕೆ ಬರಹದಿಂದ ಉತ್ತರ ಕೊಡುವ ಅಭ್ಯಾಸ ತಪ್ಪಿದ ಸಮಾಜ ಯಾವ ಕಡೆಗೆ ಜಾರುತ್ತದೆಂಬುದನ್ನು ಮರೆಯಲಾಗದು.

ಆ ಅಭ್ಯಾಸ ನಮ್ಮಲ್ಲಿ ಇದ್ದಿತು. ಕುವೆಂಪು ಅವರ 'ಶೂದ್ರ ತಪಸ್ವಿ' 1944ರಲ್ಲಿ ಬಂದಾಗ ಮಾಸ್ತಿಯವರು ಅದನ್ನು ಬಲವಾಗಿ ಟೀಕಿಸಿದರು. ಕುವೆಂಪು ಅಷ್ಟೇ ಬಲವಾಗಿ ಬರಹದಲ್ಲಿಯೇ ಉತ್ತರವಿತ್ತರು. ಇಬ್ಬರಿಗೂ ಅಭಿಮಾನವಿದ್ದಿತು, ಇಬ್ಬರಿಗೂ ನೋವಾಗಿರಲೂಬಹುದು. ಯಾರೂ ವಕೀಲರ ಮನೆಯ ಮೆಟ್ಟಿಲು ಹತ್ತಲಿಲ್ಲ. ಇಂದಿಗೂ ವಿದ್ಯಾರ್ಥಿಗಳು ಆ ವಾಗ್ವಾದವನ್ನು ಓದಿ ಎರಡೂ ಪಕ್ಷಗಳಿಂದ ಕಲಿಯುತ್ತಾರೆ.

ಇದಕ್ಕೆ ವಿರುದ್ಧವಾದ ಒಂದು ಕಥೆ ಇಂಗ್ಲೆಂಡಿನದು. ರಸ್ಕಿನ್ನನು 1877ರಲ್ಲಿ ವಿಸ್ಲರನ ಚಿತ್ರವೊಂದನ್ನು ಕಟುವಾಗಿ ಹಳಿದನು. ವಿಸ್ಲರನು ಸಾವಿರ ಪೌಂಡು ಕೇಳಿ ದಾವೆ ಹೂಡಿದನು. 1878ರಲ್ಲಿ ಅವನೇ ಗೆದ್ದನು. ಪರಿಹಾರವಾಗಿ ಸಿಕ್ಕಿದ್ದು ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ಖರ್ಚಿನ ಭಾರದಿಂದ ಮರುವರ್ಷ ದಿವಾಳಿಯಾದನು. ನಮ್ಮ ಗಾದೆಯನ್ನು ಅವನು ಕೇಳಿರಲಿಲ್ಲ.

ಆದರೆ ದಾವೆಯ ಖರ್ಚು ಎರಡೂ ಕಡೆಗೆ ಸಮಾನವಾಗಿ ನೋಯಿಸುವುದಿಲ್ಲ. ಗೌರಿ ಲಂಕೇಶರ ಪತ್ರಿಕೆಯಲ್ಲಿ 2008ರ ಜನವರಿಯಲ್ಲಿ ಪ್ರಕಟವಾದ ವರದಿಯೊಂದರ ಸಂಬಂಧ ಹುಬ್ಬಳ್ಳಿಯ ನ್ಯಾಯಾಲಯದಲ್ಲಿ ಹೂಡಿದ ಮಾನನಷ್ಟ ಪ್ರಕರಣದಲ್ಲಿ ಅವರಿಗೆ ಶಿಕ್ಷೆಯಾದದ್ದು 2016ರ ನವೆಂಬರಿನಲ್ಲಿ. ವರದಿ ಸರಿಯೋ ತಪ್ಪೋ ಎಂಬ ವಾದವನ್ನು ಇಲ್ಲಿ ಎತ್ತುವುದಿಲ್ಲ. ನ್ಯಾಯಾಲಯ ತಪ್ಪೆಂದು ಹೇಳಿತು. ನಾನು ಗಮನಿಸುವುದು ನಡುವಿನ ಎಂಟು ವರ್ಷಗಳನ್ನು. ಬೆಂಗಳೂರಿನ ಪತ್ರಿಕೆ, ಹುಬ್ಬಳ್ಳಿಯ ತಾರೀಖು. ಸಣ್ಣ ಪತ್ರಿಕೆಯ ಸಂಪಾದಕನಿಗೆ ತೀರ್ಪಿಗಿಂತ ಮೊದಲೇ ಅರ್ಧ ಶಿಕ್ಷೆ ಆಗಿಹೋಗಿರುತ್ತದೆ.

ಕಾನೂನು ಈ ತೊಂದರೆಯನ್ನು ಕಂಡಿಲ್ಲವೆಂದಲ್ಲ. ಆರೋಪಿ ತನ್ನ ವ್ಯಾಪ್ತಿಯ ಹೊರಗಿನವನಾಗಿದ್ದರೆ ಮ್ಯಾಜಿಸ್ಟ್ರೇಟರು ಸಮನ್ಸು ಕಳುಹಿಸುವ ಮುನ್ನ ವಿಚಾರಣೆ ನಡೆಸಬೇಕೆಂಬ ನಿಯಮ 2006ರಿಂದ ಇದೆ. 2024ರಲ್ಲಿ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಖಾಸಗಿ ಫಿರ್ಯಾದನ್ನು ಪರಿಗಣನೆಗೆ ತೆಗೆದುಕೊಳ್ಳುವ ಮುಂಚೆ ಆರೋಪಿಯ ಮಾತನ್ನೂ ಕೇಳಬೇಕು. ಅದೇ ವರ್ಷದ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು, ವಿಚಾರಣೆಗೆ ಮೊದಲೇ ಬರಹವನ್ನು ತಡೆಯುವ ಆಜ್ಞೆಗಳನ್ನು ಅಪರೂಪದ ಸಂದರ್ಭಗಳಲ್ಲಿ ಮಾತ್ರ ಕೊಡಬೇಕೆಂದು ಕೆಳಗಿನ ನ್ಯಾಯಾಲಯಗಳಿಗೆ ಎಚ್ಚರಿಸಿತು. ಬಾಯಿ ಮುಚ್ಚಿಸುವುದಕ್ಕಾಗಿಯೇ ಹೂಡಿದ ದಾವೆಗಳನ್ನು ಮೊದಲ ಹಂತದಲ್ಲಿಯೇ ವಜಾ ಮಾಡುವ ಕಾನೂನು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1992ರಿಂದ ಇದೆ. ಐರೋಪ್ಯ ಒಕ್ಕೂಟವೂ 2024ರಲ್ಲಿ ಅಂತಹುದೇ ನಿರ್ದೇಶವನ್ನು ಅಂಗೀಕರಿಸಿತು. ನಮ್ಮಲ್ಲಿಯೂ ಅದು ಬರಬೇಕು. ಮಾನಹಾನಿಗೆ ಸೆರೆಮನೆಯ ಶಿಕ್ಷೆ ಇರಬಹುದೆಂದು 2016ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಒಬ್ಬನ ಮಾನವೂ ಅವನ ಬದುಕಿನ ಭಾಗವೆಂಬ ಅದರ ಕಾರಣವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನನ್ನ ಆ ಒಂದು ವಾಕ್ಯದಿಂದ ಗ್ರಂಥಕರ್ತರಿಗೆ ನಿಜವಾಗಿಯೂ ನೋವಾಗಿದ್ದಿತು. ಆದರೆ ಆ ನೋವಿಗೆ ತಿದ್ದುಪಡಿ ಮತ್ತು ಪರಿಹಾರ ಸಾಕು, ಸೆರೆಮನೆ ಬೇಕಿಲ್ಲ.

ಕಾನೂನು ತಿದ್ದುಪಡಿಯಾಗುವವರೆಗೆ ನಮ್ಮ ಕೈಯಲ್ಲಿರುವುದನ್ನು ನಾವು ಮಾಡಬೇಕು. ಬರೆಯುವವನು ಪ್ರತಿಯೊಂದು ಸಂಗತಿಗೂ ಆಧಾರವನ್ನು ಕಡತದಲ್ಲಿ ಇಟ್ಟುಕೊಳ್ಳಬೇಕು; ಅಚ್ಚಿಗೆ ಹೋಗುವ ಮುನ್ನವೇ ಒಮ್ಮೆ ವೈರಿಯಂತೆ ಓದಬೇಕು. ನೋಟೀಸು ಬಂದರೆ ಹೆದರಿ ಎಲ್ಲವನ್ನೂ ಅಳಿಸಬಾರದು, ಹಟದಿಂದ ಎಲ್ಲವನ್ನೂ ಸಮರ್ಥಿಸಲೂಬಾರದು. ತಪ್ಪನ್ನು ಹೆಸರು ಹಿಡಿದು ತಿದ್ದಿ, ಸರಿಯಾದದ್ದನ್ನು ಉಳಿಸಿಕೊಳ್ಳಬೇಕು. ನೋಟೀಸು ಪಡೆದವನನ್ನು ಗೆಳೆಯರು ಒಂಟಿಯಾಗಿ ಬಿಡಬಾರದು. ಪ್ರತಿ ತಾಲೂಕಿನಲ್ಲಿಯೂ ಸಾಹಿತ್ಯಾಸಕ್ತರಾದ ಒಬ್ಬಿಬ್ಬರು ವಕೀಲರು ಇದ್ದೇ ಇರುತ್ತಾರೆ. ಹಳಕಟ್ಟಿಯವರೇ ವಕೀಲರಾಗಿದ್ದರು, ಗಳಿಸಿದ್ದನ್ನು ವಚನಗಳ ಅಚ್ಚಿಗೆ ಸುರಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಹೊರತಂದರು. ಅವರು ನೆಲೆಸಿದ ಊರಿನಲ್ಲಿ ಒಂದು ನೋಟೀಸಿಗೆ ಒಂದು ಪುಟದ ಉತ್ತರ ಬರೆದುಕೊಡುವವರು ಸಿಗದೆ ಹೋಗರು.

ಕಡೆಯದಾಗಿ ಒಂದು ಸಮಾಚಾರ. ಕಳೆದ ವರ್ಷ ಆ ಗ್ರಂಥದ ಎರಡನೆಯ ಮುದ್ರಣ ನನ್ನ ಕೈಗೆ ಬಂದಿತು. ಹಳಕಟ್ಟಿಯವರು ಧಾರವಾಡದಲ್ಲಿ ಹುಟ್ಟಿದ್ದಾರೆ. 'ಗರತಿಯ ಹಾಡು' 1931ಕ್ಕೆ ಮರಳಿದೆ. ಗ್ಯಾಸೆಟಿಯರಿನ ಪುಟಗಳು ಮಾತ್ರ ಹಾಗೆಯೇ ಇವೆ, ಈಗಲೂ ಅದರ ಹೆಸರಿಲ್ಲದೆ. ನನ್ನ ವಿಮರ್ಶೆಯ ಪ್ರಸ್ತಾಪ ಎಲ್ಲಿಯೂ ಇಲ್ಲ. ಇರಬೇಕೆಂದು ನನಗೆ ಆಸೆಯೂ ಇಲ್ಲ. ಬಹುಮಾನವಾಗಿ ಆ ಗ್ರಂಥವನ್ನು ಪಡೆಯುವ ಮಗು ಎರಡು ತಪ್ಪುಗಳನ್ನಾದರೂ ಕಲಿಯದೆ ಉಳಿಯಿತು. ಮೂರನೆಯ ತಪ್ಪಿನ ವಿಷಯವನ್ನು ಮತ್ತೊಮ್ಮೆ ಬರೆದು, ಅದೇ ವಾರಪತ್ರಿಕೆಯ ಸಂಪಾದಕರಿಗೆ ಕಳುಹಿಸಿದ್ದೇನೆ. ಅವರ ಉತ್ತರಕ್ಕಾಗಿ ಕಾಯುತ್ತಿದ್ದೇನೆ.